ಉಪಗ್ರಹದ ಲೆಕ್ಕಕ್ಕೆ ಪುಣೆ ಸಾಕ್ಷಿ, ಮುಂಬೈಗೆ ಯಾರು?

ಚಳಿಗಾಲ ಬಂತೆಂದರೆ ಮುಂಬೈಯ ನಮ್ಮವರ ವಾಟ್ಸಾಪ್ ಗ್ರೂಪುಗಳಲ್ಲಿ ಗಾಳಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ನಕ್ಷೆಗಳು ಓಡಾಡಲು ಶುರುವಾಗುತ್ತವೆ. ಹಳದಿ, ಕಿತ್ತಳೆ, ಕೆಂಪು, ನೇರಳೆ ಬಳಿದ ನಗರ. ಕೆಳಗೆ 'ಉಪಗ್ರಹದ ಮಾಹಿತಿ' ಅಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು. ಆ ಸಾಲು ಇದ್ದರೆ ಸಾಕು, ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಚೆಂಬೂರಿನವರು ತಮ್ಮ ಬಣ್ಣವನ್ನು ಡೊಂಬಿವ್ಲಿಯವರ ಬಣ್ಣಕ್ಕೆ ಹೋಲಿಸುತ್ತಾರೆ. ಮಾಟುಂಗದವರು ಇಬ್ಬರಿಗಿಂತ ನಾವೇ ವಾಸಿ ಎನ್ನುತ್ತಾರೆ.

ನಕ್ಷೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಉಪಗ್ರಹ ಧೂಳನ್ನು ಅಳೆಯುವುದಿಲ್ಲ. ಅದು ಅಳೆಯುವುದು ಬೆಳಕನ್ನು. ಬಿಸಿಲು ಕೆಳಗೆ ಬಂದು, ಸ್ವಲ್ಪ ನೆಲಕ್ಕೆ ತಾಗಿ, ಸ್ವಲ್ಪ ಗಾಳಿಯಲ್ಲಿನ ಕಣಗಳಿಗೆ ತಾಗಿ ವಾಪಸು ಮೇಲೆ ಹೋಗುತ್ತದೆ. ಮೇಲೆ ತಲುಪಿದ ಬೆಳಕಿನಲ್ಲಿ ನೆಲದ ಪಾಲೆಷ್ಟು, ಕಣಗಳ ಪಾಲೆಷ್ಟು ಎಂದು ಬೇರ್ಪಡಿಸುವುದು ಲೆಕ್ಕದ ಕೆಲಸ. ಆ ಲೆಕ್ಕದಲ್ಲಿ ಒಂದಷ್ಟು ಅಂದಾಜುಗಳು ಕೂತಿರುತ್ತವೆ. ಅಂದಾಜು ಸರಿಯೇ ಎಂದು ಯಾರಾದರೂ ನೆಲದ ಮೇಲೆ ನಿಂತು ತಾಳೆ ನೋಡಬೇಕು.

ನಮ್ಮ ಭಾಗದಲ್ಲಿ ಈ ತಾಳೆ ನೋಡುವ ಕೆಲಸ ಬಹುಕಾಲದಿಂದ ನಡೆಯುತ್ತಿರುವುದು ಪುಣೆಯಲ್ಲಿ. ಪುಣೆಯ ತಾಳೆಯನ್ನು ಮುಂಬೈಗೂ ಎಷ್ಟರಮಟ್ಟಿಗೆ ಒಪ್ಪಬಹುದು? ನನ್ನ ತಕರಾರು ಇರುವುದು ಅಲ್ಲೇ.

ಪಾಷಾಣ್‌ನ ಯಂತ್ರ

ಪುಣೆಯ ಪಾಷಾಣ್ ಎಂಬ ಬಡಾವಣೆಯಲ್ಲಿ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಇದೆ. ಎಲ್ಲರ ಬಾಯಲ್ಲಿ ಅದು ಐಐಟಿಎಂ. 1962ರಲ್ಲಿ ಶುರುವಾದದ್ದು. ಅಲ್ಲಿ 2004ರಿಂದ ಒಂದು ಸನ್ ಫೋಟೋಮೀಟರ್, ಅಂದರೆ ಬಿಸಿಲನ್ನು ಅಳೆಯುವ ಯಂತ್ರ, ಕೆಲಸ ಮಾಡುತ್ತಿದೆ. ನಾಸಾ ನಡೆಸುವ ಏರೋನೆಟ್ ಎಂಬ ಜಾಗತಿಕ ಜಾಲದ ಒಂದು ಕೊಂಡಿ ಅದು. ಭಾರತದಲ್ಲಿ ಇದಕ್ಕಿಂತ ಹಳೆಯ ದೊಡ್ಡ ಹೆಸರು ಕಾನ್ಪುರದ್ದು. ಐಐಟಿ ಕಾನ್ಪುರದಲ್ಲಿ 2001ರಿಂದ ಇದೆ.

ಯಂತ್ರ ನೋಡಲು ಅಂಥ ಗಾಂಭೀರ್ಯದ್ದೇನಲ್ಲ. ಒಂದು ಸಣ್ಣ ಮೋಟಾರು ತಲೆ, ಅದರ ಮೇಲೆ ಒಂದು ಜೋಡಿ ಉದ್ದ ಕೊಳವೆ. ಬೆಳಗ್ಗೆಯಿಂದ ಸಂಜೆವರೆಗೆ ಕೊಳವೆ ಸೂರ್ಯನಿಗೇ ಗುರಿಯಿಟ್ಟು ತಿರುಗುತ್ತಿರುತ್ತದೆ. ಮಳೆ ಹನಿ ಬಿದ್ದರೆ ಅದರ ಸಂವೇದಕಕ್ಕೆ ಗೊತ್ತಾಗುತ್ತದೆ, ತಕ್ಷಣ ತಲೆ ಕೆಳಗೆ ಹಾಕಿ ಕೂರುತ್ತದೆ. ಅಳೆಯುವಾಗ ಅರ್ಧ ಅರ್ಧ ನಿಮಿಷ ಬಿಟ್ಟು ಮೂರು ಸಲ ಓದುತ್ತದೆ. ಮೂರೂ ಹೆಚ್ಚುಕಮ್ಮಿ ಒಂದೇ ಬಂದರೆ ಸರಿ. ಒಂದಕ್ಕೊಂದು ಹೊಂದದಿದ್ದರೆ ಮಧ್ಯೆ ಮೋಡ ಹಾದಿದೆ ಎಂದು ಲೆಕ್ಕ, ಆ ಓದು ಕಸದ ಬುಟ್ಟಿಗೆ.

ಇದರಿಂದ ಸಿಗುವ ಅಂಕಿಗೆ ಎಒಡಿ ಎನ್ನುತ್ತಾರೆ. ನೆಲದಿಂದ ಆಕಾಶದ ತುದಿವರೆಗಿನ ಗಾಳಿಯಲ್ಲಿರುವ ಕಣಗಳೆಲ್ಲ ಸೇರಿ ಬಿಸಿಲನ್ನು ಎಷ್ಟು ತಡೆದವು ಎನ್ನುವ ಅಳತೆ. ಸೂರ್ಯ ನೆತ್ತಿಯ ಮೇಲಿದ್ದಾನೆ ಎಂದಿಟ್ಟುಕೊಳ್ಳಿ. ಎಒಡಿ 0.1 ಆದರೆ ಕಣಗಳನ್ನು ದಾಟಿ ಶೇ 90ರಷ್ಟು ನೇರ ಬೆಳಕು ಕೆಳಗೆ ಬರುತ್ತದೆ. 0.4 ಆದರೆ ಶೇ 67. 1 ಆದರೆ ಶೇ 37 ಮಾತ್ರ. ಸನ್ ಫೋಟೋಮೀಟರಿಗೆ ಇದನ್ನು ಹೇಳಲು ನೆಲದ ಬಣ್ಣ ಗೊತ್ತಿರಬೇಕಾಗಿಲ್ಲ. ವಾಯುಮಂಡಲದ ಹೊರಗೆ ಬಿಸಿಲು ಎಷ್ಟಿತ್ತು, ಇಲ್ಲಿ ಎಷ್ಟು ಬಂತು, ಗಾಳಿಯ ಅಣುಗಳೇ ತಡೆದದ್ದು ಎಷ್ಟು ಎಂದು ಕಳೆದರೆ ಉಳಿದದ್ದು ಕಣಗಳ ಪಾಲು. ಅದಕ್ಕೇ ಇದರ ತಪ್ಪು 0.01ರಿಂದ 0.02ರಷ್ಟು ಮಾತ್ರ. ಉಪಗ್ರಹದವರು ಇದನ್ನು ಮಾನದಂಡ ಎಂದು ಒಪ್ಪುವುದೂ ಇದೇ ಕಾರಣಕ್ಕೆ.

ಹಾಗಂತ ಇದೂ ದೇವರ ವಾಕ್ಯ ಅಲ್ಲ. ಕೊಳವೆಯೊಳಗೆ ಜೇಡ ಬಲೆ ಕಟ್ಟುತ್ತದೆ. ಗಾಜಿನ ಮೇಲೆ ಧೂಳು ಕೂರುತ್ತದೆ. ಫಿಲ್ಟರು ವರ್ಷದಿಂದ ವರ್ಷಕ್ಕೆ ಮಂಕಾಗುತ್ತದೆ. ಹೆಚ್ಚುಕಮ್ಮಿ ವರ್ಷಕ್ಕೊಮ್ಮೆ ಯಂತ್ರವನ್ನು ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳಿಸಬೇಕು. ಅಲ್ಲಿ ಅದನ್ನು ಒಂದು ಮೂಲ ಯಂತ್ರದ ಪಕ್ಕ ಇಟ್ಟು ಹೋಲಿಸುತ್ತಾರೆ. ಆ ಮೂಲ ಯಂತ್ರ ಹವಾಯಿಯ ಮೌನಾ ಲೋವಾದಂಥ ಶುಭ್ರ ಗಾಳಿಯ ಬೆಟ್ಟದ ಮೇಲೆ ಸೂರ್ಯನನ್ನು ನೋಡಿ ಬಂದಿರುತ್ತದೆ. ಹೀಗೆ ಹೋಗಿ ಬಂದ ಮೇಲಷ್ಟೇ ಡೇಟಾಗೆ 2.0 ಎಂಬ ಕೊನೆಯ ದರ್ಜೆ ಸಿಗುವುದು. ಅದಕ್ಕೆ ಮೊದಲಿನ 1.0 ಕಚ್ಚಾ, 1.5 ಮೋಡ ಸೋಸಿದ್ದು. ಆತುರದವರು 1.5ನ್ನೇ ಎತ್ತಿಕೊಂಡು ಲೇಖನ ಬರೆಯುತ್ತಾರೆ. ಯಾವುದಾದರೂ ವರದಿ ಓದುವಾಗ ಯಾವ ದರ್ಜೆ ಬಳಸಿದ್ದಾರೆ ಎಂದು ಒಮ್ಮೆ ಕಣ್ಣು ಹಾಯಿಸಿ. ವರದಿಯ ಅರ್ಧ ಹಣೆಬರಹ ಅಲ್ಲೇ ಗೊತ್ತಾಗುತ್ತದೆ.

ಜೋಡಿ ಹಾಕುವುದು

ಉಪಗ್ರಹಗಳಲ್ಲಿ ಹೆಚ್ಚು ಬಳಕೆಯಾಗಿರುವುದು ಮೋಡಿಸ್ ಎಂಬ ಉಪಕರಣ. ಅದನ್ನು ಹೊತ್ತ ಟೆರ್ರಾ 1999ರಲ್ಲಿ ಹಾರಿತು, ಆಕ್ವಾ 2002ರಲ್ಲಿ. ಟೆರ್ರಾ ಬೆಳಗ್ಗೆ ಹತ್ತೂವರೆ ಸುಮಾರಿಗೆ, ಆಕ್ವಾ ಮಧ್ಯಾಹ್ನ ಒಂದೂವರೆ ಸುಮಾರಿಗೆ ನಮ್ಮ ಮೇಲೆ ಹಾದುಹೋಗುವಂತೆ ಕಕ್ಷೆ ಇಟ್ಟಿದ್ದರು.

ಉಪಗ್ರಹ ಒಂದು ಕ್ಷಣದಲ್ಲಿ ದೊಡ್ಡ ಜಾಗ ನೋಡುತ್ತದೆ. ಪುಣೆಯ ಯಂತ್ರ ಒಂದೇ ಜಾಗದಲ್ಲಿ ನಿಂತು ದಿನವಿಡೀ ನೋಡುತ್ತದೆ. ಇವೆರಡನ್ನು ಹೇಗೆ ಜೋಡಿ ಹಾಕುವುದು? ರೂಢಿಯಲ್ಲಿರುವ ದಾರಿ ಹೀಗೆ: ಯಂತ್ರದ ಸುತ್ತ 25 ಕಿಲೋಮೀಟರಿನೊಳಗಿನ ಉಪಗ್ರಹದ ಪಿಕ್ಸೆಲ್‌ಗಳ ಸರಾಸರಿ ತೆಗೆಯಿರಿ. ಉಪಗ್ರಹ ಹಾದುಹೋದ ಸಮಯಕ್ಕೆ ಅರ್ಧ ಗಂಟೆ ಹಿಂದೆ, ಅರ್ಧ ಗಂಟೆ ಮುಂದೆ ಯಂತ್ರ ಅಳೆದದ್ದರ ಸರಾಸರಿ ತೆಗೆಯಿರಿ. ಎರಡನ್ನೂ ಎದುರಾಬದುರು ಇಡಿ. ಗಾಳಿ ಒಂದು ಗಂಟೆಯಲ್ಲಿ ಅಷ್ಟು ದೂರ ಸಾಗುತ್ತದೆ ಎನ್ನುವುದು ಇದರ ಹಿಂದಿನ ತರ್ಕ. ಬಯಲು ಸೀಮೆಗೆ ಒಪ್ಪುವ ಮಾತು. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಸಮುದ್ರ ಇರುವಲ್ಲಿ ಅಷ್ಟು ಸಲೀಸಲ್ಲ.

ಮೋಡಿಸ್ ತಂಡ ತನ್ನ ತಪ್ಪಿನ ಮಿತಿಯನ್ನು ತಾನೇ ಹೇಳಿಕೊಂಡಿದೆ. ಇದು ಮೆಚ್ಚಬೇಕಾದ ವಿಷಯ. ನೆಲದ ಮೇಲೆ ಮಿತಿ 0.05, ಜೊತೆಗೆ ಎಒಡಿಯ ಶೇ 15. ಮೂರರಲ್ಲಿ ಎರಡು ಪಾಲು ಅಳತೆಗಳು ಈ ಮಿತಿಯೊಳಗೆ ಬಂದರೆ ಲೆಕ್ಕ ಪಾಸು. ಇದನ್ನು ನಮ್ಮ ಊರಿಗೆ ಇಳಿಸಿ ನೋಡೋಣ. ನಿಜವಾದ ಎಒಡಿ 0.4 ಇದೆ ಅಂದರೆ ಉಪಗ್ರಹ 0.29ರಿಂದ 0.51ರವರೆಗೆ ಏನು ಹೇಳಿದರೂ ತಪ್ಪಲ್ಲ. ಮೂರರಲ್ಲಿ ಒಂದು ಸಲ ಅದಕ್ಕೂ ಹೊರಗೆ ಹೋದರೂ ನಡೆಯುತ್ತದೆ. ಈಗ ಆ ವಾಟ್ಸಾಪ್ ನಕ್ಷೆಯ ಕಿತ್ತಳೆಗೂ ಕೆಂಪಿಗೂ ನಡುವೆ ಎಷ್ಟು ಅಂತರವಿದೆ ಎಂದು ನೋಡಿ. ಚೆಂಬೂರು, ಡೊಂಬಿವ್ಲಿ ಜಗಳ ಬಹುಪಾಲು ಈ ಮಿತಿಯೊಳಗೇ ಮುಗಿದುಹೋಗುತ್ತದೆ.

ಇಲ್ಲಿ ಇನ್ನೊಂದು ಮಾತು. ಎಷ್ಟೋ ಲೇಖನಗಳು 'ಉಪಗ್ರಹಕ್ಕೂ ನೆಲದ ಅಳತೆಗೂ ಸಹಸಂಬಂಧ 0.8' ಎಂದು ಬರೆದು ಮುಗಿಸುತ್ತವೆ. ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ ಎಂದಷ್ಟೇ ಅದರ ಅರ್ಥ. ಉಪಗ್ರಹ ಪ್ರತಿ ಸಲವೂ 0.15 ಜಾಸ್ತಿ ಹೇಳುತ್ತಿದ್ದರೂ ಸಹಸಂಬಂಧ ಚೆನ್ನಾಗಿಯೇ ಬರುತ್ತದೆ. ವ್ಯತ್ಯಾಸ ಯಾವ ಕಡೆಗೆ, ಯಾವ ತಿಂಗಳಲ್ಲಿ, ಎಷ್ಟು ದಟ್ಟ ಗಾಳಿಯಲ್ಲಿ ಎಂದು ಬಿಡಿಸಿ ಹೇಳದ ತಾಳೆ ನನ್ನ ಮಟ್ಟಿಗೆ ಅರ್ಧ ಕೆಲಸ.

ಮುಂಬೈಯ ನೆಲ ಯಾವ ಬಣ್ಣ?

ಉಪಗ್ರಹದ ದೊಡ್ಡ ಅಂದಾಜು ನೆಲದ್ದು. ಮೋಡಿಸ್‌ನ ಹಳೆಯ, ಹೆಚ್ಚು ನಂಬಿಕೆಯ ವಿಧಾನ ಕಪ್ಪು ನೆಲವನ್ನು ಹುಡುಕುತ್ತದೆ. ಕಾಡು, ಹಸಿರು ಗದ್ದೆ ಇಂಥವು. ಅಲ್ಲಿ ನೆಲದಿಂದ ವಾಪಸಾಗುವ ಬೆಳಕು ಕಡಿಮೆ, ಆದ್ದರಿಂದ ಕಣಗಳ ಬೆಳಕು ಎದ್ದು ಕಾಣುತ್ತದೆ. ಉದ್ದ ತರಂಗದ, ಕಣ್ಣಿಗೆ ಕಾಣದ ಬೆಳಕಿನಲ್ಲಿ ನೆಲ ಹೇಗಿದೆ ಎಂದು ನೋಡಿ, ನೀಲಿ ಮತ್ತು ಕೆಂಪಿನಲ್ಲಿ ಅದು ಹೇಗಿರಬಹುದು ಎಂದು ಒಂದು ಸೂತ್ರದಿಂದ ಊಹಿಸುತ್ತಾರೆ. ಸೂತ್ರ ಗಿಡಮರದ ನೆಲಕ್ಕೆ ಚೆನ್ನಾಗಿ ಕೂರುತ್ತದೆ. ಕಾಂಕ್ರೀಟಿಗೆ ಕೂರುವುದಿಲ್ಲ. ನೆಲದ ಪ್ರತಿಫಲನದಲ್ಲಿ 0.01ರಷ್ಟು ತಪ್ಪಾದರೆ ಎಒಡಿಯಲ್ಲಿ ಸುಮಾರು 0.1 ತಪ್ಪುತ್ತದೆ. ಸಣ್ಣ ತಪ್ಪು, ದೊಡ್ಡ ದಂಡ.

ಈಗ ಮುಂಬೈಯನ್ನು ಮೇಲಿನಿಂದ ನೋಡಿ. 10 ಕಿಲೋಮೀಟರಿನ ಒಂದು ಪಿಕ್ಸೆಲ್ ಸಯಾನ್ ಸುತ್ತಮುತ್ತ ಬಿತ್ತು ಅಂದುಕೊಳ್ಳಿ. ಅದರೊಳಗೆ ಧಾರಾವಿಯ ತಗಡು, ಮಳೆಗಾಲ ಮುಗಿದರೂ ತೆಗೆಯದ ನೀಲಿ ತಾಡಪಾಲು, ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನ ಗಾಜು, ಮೀಠಿ ನದಿಯ ಕೆಸರು, ಮ್ಯಾಂಗ್ರೋವ್, ರೈಲು ಹಳಿ ಎಲ್ಲಾ ಇವೆ. ಇದಕ್ಕೆಲ್ಲ ಸೇರಿ ಒಂದೇ ಬಣ್ಣ ಯಾವುದು? ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಮೇಲೆ ಬಿದ್ದ ಪಿಕ್ಸೆಲ್ಲೇ ಅದೃಷ್ಟವಂತ. ನಗರಗಳ ಮೇಲೆ ಎಒಡಿ ವಿಪರೀತ ಜಾಸ್ತಿ ಬರುತ್ತಿದೆ ಎಂದು ಗೊತ್ತಾಗಿ 2017ರ ಹೊತ್ತಿಗೆ ಬಂದ 6.1 ಆವೃತ್ತಿಯಲ್ಲಿ ನಗರದ ನೆಲಕ್ಕೆ ಬೇರೆ ಸೂತ್ರ ಹಾಕಿದರು. ಅದರಿಂದ ಉಪಕಾರವಾಯಿತು. ಆದರೆ ಆ ತಿದ್ದುಪಡಿ ಅಮೆರಿಕದ ನಗರಗಳನ್ನು ನೋಡಿ ಮಾಡಿದ್ದು. ಅಲ್ಲಿನ ತಾರಸಿ ಬೇರೆ, ನಮ್ಮ ತಗಡು ಬೇರೆ ಅಲ್ವಾ?

ಇನ್ನು ಸಮುದ್ರ. ನೀರಿನ ಮೇಲೆ ಲೆಕ್ಕದ ವಿಧಾನವೇ ಬೇರೆ. ತಿಳಿ ನೀಲಿ ಸಾಗರದ ಮೇಲೆ ಅದು ನೆಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮುಂಬೈ ದಡದ ನೀರು ನೀಲಿಯೆಲ್ಲಿ? ಠಾಣೆ ಖಾಡಿಯ, ಅಂದರೆ ಒಳಗೆ ಚಾಚಿದ ಕಡಲ ತೋಳಿನ, ನೀರು ಕೆಸರು. ಕೆಸರು ನೀರಿನ ಹೊಳಪು ಕಣಗಳ ಹೊಳಪಿನಂತೆಯೇ ಕಂಡು ಲೆಕ್ಕ ತಪ್ಪಿಸುತ್ತದೆ. ಹಾಗಾಗಿ ಅಂಥ ಪಿಕ್ಸೆಲ್‌ಗಳನ್ನು ಎತ್ತಿ ಹೊರಗಿಡುತ್ತಾರೆ. ಸೂರ್ಯ ನೀರಿನಲ್ಲಿ ಥಳಥಳ ಹೊಳೆಯುವ ಕೋನದಲ್ಲಿದ್ದರೆ ಅದೂ ಹೊರಗೆ. ಅರ್ಧ ನೆಲ ಅರ್ಧ ನೀರಿನ ಪಿಕ್ಸೆಲ್ ಯಾರಿಗೂ ಬೇಡದ ಕೂಸು. ಎಲ್ಲ ಕಳೆದು ಉಳಿದದ್ದರ ಸರಾಸರಿಯೇ ನಮಗೆ ಬರುವ 'ಮುಂಬೈಯ ಎಒಡಿ'. ಇತ್ತೀಚಿನ ಮಾಯಾಕ್ ವಿಧಾನ 1 ಕಿಲೋಮೀಟರಿನವರೆಗೂ ಇಳಿದಿದೆ, ಒಂದೇ ಜಾಗವನ್ನು ದಿನದಿಂದ ದಿನಕ್ಕೆ ಹೋಲಿಸಿ ನೆಲವನ್ನು ಕಲಿಯುತ್ತದೆ. ನಗರಕ್ಕೆ ಸದ್ಯ ಅದೇ ವಾಸಿ.

ಪುಣೆಯ ಸಾಕ್ಷಿ ಇಲ್ಲಿ ಯಾಕೆ ಸಾಲುವುದಿಲ್ಲ ಎಂದರೆ, ಪುಣೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲೆ, ಸಹ್ಯಾದ್ರಿಯ ಆಚೆ ಬದಿಗೆ. ನೇರ ಗೆರೆ ಎಳೆದರೆ ಮುಂಬೈಗೆ 120 ಕಿಲೋಮೀಟರ್ ಅಷ್ಟೇ. ಆದರೆ ಮುಂಬೈಯ ಗಾಳಿಯಲ್ಲಿ ಅತಿ ಒದ್ದೆಯಾದ, ಅತಿ ಉಪ್ಪಾದ ಕೆಳಗಿನ ಅರ್ಧ ಕಿಲೋಮೀಟರ್ ಪುಣೆಯ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಪುಣೆಯಲ್ಲಿ ಖಾಡಿಯಿಲ್ಲ, ಕೆಸರು ನೀರಿಲ್ಲ, ದಡವಿಲ್ಲ. ಉಪಗ್ರಹ ಎಡವುವ ಜಾಗಗಳೇ ಅಲ್ಲಿಲ್ಲ. ಅಲ್ಲಿ ಪಾಸಾದ ಲೆಕ್ಕ ಮುಂಬೈಯಲ್ಲೂ ಪಾಸು ಎನ್ನುವುದು ಗಾಳಿಯಲ್ಲಿ ಗುಂಡು ಹಾರಿಸಿದಂತೆ. ಪುಣೆಯಷ್ಟು ಉದ್ದದ ಏರೋನೆಟ್ ದಾಖಲೆ ಮುಂಬೈಗೆ ಇಲ್ಲ.

ಎಒಡಿ ಉಸಿರಾಟದ ಅಳತೆ ಅಲ್ಲ

ಜನ ಕೇಳುವುದು ಎಒಡಿಯನ್ನಲ್ಲ, ಪಿಎಂ 2.5 ಎಷ್ಟು ಎಂದು. ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳ ತೂಕ. ಅದು ಮೂಗಿನ ಮಟ್ಟದ ಗಾಳಿಯ ಮಾತು. ನಮ್ಮ ದೇಶದ ಮಾನದಂಡದಲ್ಲಿ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಾರ್ಷಿಕ ಮಿತಿಯನ್ನು 5ಕ್ಕೆ ಇಳಿಸಿತು.

ಎಒಡಿಯಿಂದ ಪಿಎಂಗೆ ಬರಲು ಎರಡು ಹಳ್ಳ ದಾಟಬೇಕು. ಒಂದು, ಕಣಗಳು ಎಷ್ಟು ಎತ್ತರದವರೆಗೆ ಹರಡಿವೆ. ಚಳಿಗಾಲದ ಬೆಳಗ್ಗೆ ಅವು 500 ಮೀಟರಿನೊಳಗೆ ಸಿಕ್ಕಿಹಾಕಿಕೊಂಡಿವೆ, ಬೇಸಿಗೆಯ ಮಧ್ಯಾಹ್ನ 2,000 ಮೀಟರಿನವರೆಗೆ ಹರಡಿವೆ ಎಂದಿಟ್ಟುಕೊಳ್ಳಿ. ಎಒಡಿ ಎರಡೂ ದಿನ ಒಂದೇ ಇದ್ದರೂ ಮೂಗಿಗೆ ಬರುವುದು ನಾಲ್ಕು ಪಟ್ಟು ಬೇರೆ. ಎರಡು, ತೇವ. ಉಪ್ಪು, ಸಲ್ಫೇಟಿನಂಥ ಕಣಗಳು ಒದ್ದೆ ಗಾಳಿಯಲ್ಲಿ ನೀರು ಕುಡಿದು ಊದಿಕೊಳ್ಳುತ್ತವೆ. ಊದಿದ ಕಣ ಬೆಳಕನ್ನು ಜಾಸ್ತಿ ಚದುರಿಸುತ್ತದೆ. ಉಪಗ್ರಹಕ್ಕೂ ಸನ್ ಫೋಟೋಮೀಟರಿಗೂ ಕಾಣುವುದು ಊದಿದ ಕಣ. ನೆಲದ ಪಿಎಂ ಯಂತ್ರ ಗಾಳಿಯನ್ನು ಬಿಸಿ ಮಾಡಿ, ನೀರು ಒಣಗಿಸಿ ತೂಗುತ್ತದೆ. ಅಂದರೆ ಕೊಲಾಬಾದಲ್ಲಿ ಎರಡು ಯಂತ್ರ ಪಕ್ಕಪಕ್ಕ ಇಟ್ಟರೂ ಅವು ಬೇರೆಬೇರೆ ವಸ್ತುವನ್ನು ನೋಡುತ್ತಿರುತ್ತವೆ. ಪುಣೆಯ ಒಣ ಚಳಿಗಾಲದಲ್ಲಿ ಈ ತೊಂದರೆ ಕಡಿಮೆ. ಮುಂಬೈಯಲ್ಲಿ ಇದೇ ದೊಡ್ಡ ತೊಂದರೆ.

ಐಐಟಿ ದೆಹಲಿಯವರು ಮಾಯಾಕ್ ಎಒಡಿಯಿಂದ ದೇಶಕ್ಕೆಲ್ಲ 1 ಕಿಲೋಮೀಟರ್ ಮಟ್ಟದ ಪಿಎಂ 2.5 ಲೆಕ್ಕ ತೆಗೆದಿದ್ದಾರೆ. ಯಂತ್ರವೇ ಇಲ್ಲದ ಹಳ್ಳಿ, ತಾಲೂಕುಗಳಿಗೆ ಇದು ದೊಡ್ಡ ಆಸರೆ. ವರ್ಷದ ಸರಾಸರಿ, ಹತ್ತು ವರ್ಷದ ಏರಿಳಿತಕ್ಕೆ ಇಂಥದ್ದನ್ನು ನಾನು ಧಾರಾಳವಾಗಿ ನಂಬುತ್ತೇನೆ. ಮಂಗಳವಾರ ಬೆಳಗ್ಗೆ ಘಾಟ್ಕೋಪರಿನಲ್ಲಿ ಎಷ್ಟಿತ್ತು ಎಂದು ಕೇಳಿದರೆ ನೆಲದ ಯಂತ್ರವನ್ನೇ ನೋಡುತ್ತೇನೆ.

ಅಳೆಯುವ ಹೊತ್ತು, ಕಳೆದುಹೋಗುವ ದಿನ

ಚೆಂಬೂರಿನ ನಮ್ಮ ದೊಡ್ಡಮ್ಮ ಫೋನಿನಲ್ಲಿ ಕೇಳಿದರು. "ಮಾರಾಯ, ಆ ನಕ್ಷೆಯಲ್ಲಿ ನಮ್ಮದು ಬರೀ ಹಳದಿ ಉಂಟು. ನನಗೆ ಬೆಳಗ್ಗೆ ಎದ್ದರೆ ಕೆಮ್ಮೇ ಕೆಮ್ಮು. ಯಾವುದನ್ನು ನಂಬುವುದು?" ನಾನೆಂದೆ, "ದೊಡ್ಡಮ್ಮ, ನಿಮ್ಮ ಕೆಮ್ಮು ಬೆಳಗ್ಗೆ ಆರಕ್ಕೆ. ಉಪಗ್ರಹ ಬರುವುದು ಮಧ್ಯಾಹ್ನ." ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ಅದಕ್ಕೆ ಬೆಳಗ್ಗೆ ಬರಲಿಕ್ಕೆ ಹೇಳಲಿಕ್ಕಾಗುದಿಲ್ವಾ?" ಅಂದರು.

ಪ್ರಶ್ನೆ ಸರಿಯಾಗಿಯೇ ಇದೆ. ಮುಂಬೈಯ ಚಳಿಗಾಲದಲ್ಲಿ ಗಾಳಿ ಅತಿ ಕೆಡುವುದು ರಾತ್ರಿ ಮತ್ತು ಬೆಳಗಿನ ಜಾವ. ಭೂಗಾಳಿ ಮೆಲ್ಲಗೆ ಬೀಸುವ ಹೊತ್ತು ಅದು. ಮಧ್ಯಾಹ್ನ ಕಡಲ ಗಾಳಿ ಬಂದು ಒಂದಷ್ಟು ತೊಳೆಯುತ್ತದೆ. ಆಕ್ವಾ ನೋಡುವುದು ತೊಳೆದ ಮೇಲೆ, ಟೆರ್ರಾ ಬರುವ ಹೊತ್ತಿಗೂ ಬೆಳಗಿನ ಜಾವ ಕಳೆದಿರುತ್ತದೆ. ದೀಪಾವಳಿಯ ಪಟಾಕಿ ಹೊಗೆಯ ತುದಿ ಅದಕ್ಕೆ ಸಿಗುವುದೇ ಇಲ್ಲ, ರಾತ್ರಿ ಬಿಸಿಲಿಲ್ಲವಲ್ಲ. ಹೊಸ ಮಾದರಿಯ ಸನ್ ಫೋಟೋಮೀಟರ್ ಚಂದ್ರನ ಬೆಳಕಿನಲ್ಲೂ ಅಳೆಯಬಲ್ಲದು. ಆದರೆ ದೀಪಾವಳಿ ಬರುವುದು ಅಮಾವಾಸ್ಯೆಗೆ, ಅಲ್ಲೂ ಕೈಕೊಟ್ಟಿತು.

ಹೊತ್ತಿಗಿಂತ ದೊಡ್ಡ ತೊಂದರೆ ಕಳೆದುಹೋಗುವ ದಿನಗಳದ್ದು. ಜೂನ್‌ನಿಂದ ಸೆಪ್ಟೆಂಬರ್ ಮೋಡ, ಉಪಗ್ರಹಕ್ಕೂ ಕಾಣದು, ಕೊಳವೆಗೂ ಕಾಣದು. ಅದು ಹೋಗಲಿ, ಮಳೆ ಗಾಳಿಯನ್ನು ತೊಳೆದಿರುತ್ತದೆ. ಆದರೆ ದಟ್ಟ ಧೂಳು, ದಟ್ಟ ಹೊಗೆ ಕೂಡ ಮೇಲಿನಿಂದ ಮೋಡದಂತೆಯೇ ಕಾಣುತ್ತದೆ. ಮೋಡ ಸೋಸುವ ಜರಡಿ ಅದನ್ನೂ ಎಸೆದುಬಿಡುತ್ತದೆ. ಏರೋನೆಟ್ ತನ್ನ ಮೂರನೇ ಆವೃತ್ತಿಯಲ್ಲಿ ಇಂಥ ಹೊಗೆಯ ದಿನಗಳನ್ನು ಉಳಿಸಿಕೊಳ್ಳುವಂತೆ ಜರಡಿ ಬದಲಿಸಿತು. ಇಷ್ಟಾದರೂ ವರ್ಷದ ಅತಿ ಕೆಟ್ಟ ದಿನಗಳೇ ತಾಳೆಯ ಪಟ್ಟಿಯಿಂದ ಜಾರಿಹೋಗುವ ಅಪಾಯ ಇದೆ. ಒಳ್ಳೆಯ ದಿನಗಳ ಮೇಲೆ ಪರೀಕ್ಷೆ ಮಾಡಿ ಕೆಟ್ಟ ದಿನಗಳಿಗೆ ಸರ್ಟಿಫಿಕೇಟ್ ಕೊಟ್ಟಂತಾಗುತ್ತದೆ.

2022ರ ಜನವರಿ 23ರ ಭಾನುವಾರ ನೆನಪಿರಬಹುದು. ಪಾಕಿಸ್ತಾನದ ಕಡೆಯಿಂದ ಎದ್ದ ಧೂಳು ಅರಬ್ಬೀ ಸಮುದ್ರ, ಗುಜರಾತ್ ದಾಟಿ ಮುಂಬೈಗೆ ಬಂತು. ಕಾರುಗಳ ಮೇಲೆ ಬಿಳಿ ಪುಡಿ. ಎದುರಿನ ಕಟ್ಟಡ ಮಸುಕು. ಪುಣೆಗೂ ಅದರ ಬಿಸಿ ತಟ್ಟಿತು. ಧೂಳಿನ ಪರದೆ ಸಮುದ್ರದ ಮೇಲೆ ಸಾಗಿಬಂದದ್ದನ್ನು ಉಪಗ್ರಹ ಚಿತ್ರಗಳು ಚೆನ್ನಾಗಿ ತೋರಿಸಿದವು. ಎಲ್ಲಿಂದ ಬಂತು ಎನ್ನುವ ಪ್ರಶ್ನೆಗೆ ನೆಲದ ಯಾವ ಯಂತ್ರವೂ ಅಷ್ಟು ಸ್ಪಷ್ಟ ಉತ್ತರ ಕೊಡಲಾರದು. 2016ರ ಜನವರಿಯಲ್ಲಿ ದೇವನಾರ್ ಕಸದ ಬೆಟ್ಟಕ್ಕೆ ಬೆಂಕಿ ಬಿದ್ದಾಗಲೂ ಹೊಗೆಯ ಬಾಲ ಮೇಲಿನಿಂದ ಕಂಡಿತ್ತು. ಆದರೆ ಎಷ್ಟು ಎಂಬ ಪ್ರಶ್ನೆ ಬಂದಾಗ ಕಥೆ ಬೇರೆ. ಲೆಕ್ಕದ ಸೂತ್ರದಲ್ಲಿ ಈ ಊರಿಗೆ ಈ ಕಾಲಕ್ಕೆ ಇಂಥ ಕಣ ಎಂದು ಮೊದಲೇ ಒಂದು ಅಂದಾಜು ಬರೆದಿಟ್ಟಿರುತ್ತಾರೆ. ಚಳಿಗಾಲದ ಮುಂಬೈ, ಪುಣೆಗಳಲ್ಲಿ ಸಾಮಾನ್ಯವಾಗಿ ಇರುವುದು ಸಣ್ಣ ಹೊಗೆ ಕಣ. ದಪ್ಪ ಧೂಳು ಮಾರ್ಚ್‌ನಿಂದ ಮೇವರೆಗಿನ ಅತಿಥಿ. ಜನವರಿಯಲ್ಲಿ ಧೂಳು ಬಂದರೆ ಅಂದಾಜು ತಡವರಿಸುತ್ತದೆ. ಸನ್ ಫೋಟೋಮೀಟರ್ ಹಲವು ಬಣ್ಣಗಳಲ್ಲಿ ಅಳೆಯುವುದರಿಂದ ಕಣ ಸಣ್ಣದೋ ದಪ್ಪವೋ ಎಂದು ಅಲ್ಲೇ ಹೇಳುತ್ತದೆ. ಅಂಥ ದಿನ ಮುಂಬೈ ದಡದಲ್ಲಿ ಒಂದು ಕೊಳವೆ ಸೂರ್ಯನನ್ನು ನೋಡುತ್ತಿದ್ದರೆ ಎಷ್ಟು ಉಪಕಾರ.

ಈಗಲೇ ಯಾಕೆ?

ಟೆರ್ರಾ, ಆಕ್ವಾ ಎರಡಕ್ಕೂ ವಯಸ್ಸಾಯಿತು. ಕಕ್ಷೆ ಸರಿಪಡಿಸಲು ಇಂಧನ ಖರ್ಚು ಮಾಡುವುದನ್ನು ನಿಲ್ಲಿಸಿದ್ದಾರೆ. ಟೆರ್ರಾ ಹಾದುಹೋಗುವ ಹೊತ್ತು ಹತ್ತೂವರೆಗಿಂತ ಹಿಂದೆ ಹಿಂದೆ ಸರಿಯುತ್ತಿದೆ, ಆಕ್ವಾದ್ದು ಮುಂದೆ ಮುಂದೆ. ಎರಡು ದಶಕದ ಏರಿಳಿತ ಹೇಳುವ ದಾಖಲೆಗೆ ಇದೊಂದು ತಲೆನೋವು, ಯಾಕೆಂದರೆ ಹತ್ತೂವರೆಯ ಮುಂಬೈಯೂ ಒಂಬತ್ತರ ಮುಂಬೈಯೂ ಒಂದೇ ಅಲ್ಲ. ಮುಂದೆ ಈ ಹೊಣೆ ವಿಐಐಆರ್‌ಎಸ್ ಉಪಕರಣದ ಮೇಲೆ. 2011ರ ಸುವೋಮಿ ಎನ್‌ಪಿಪಿಯಿಂದ ಶುರುವಾಗಿ ಅದು ಈಗ ಮೂರು ಉಪಗ್ರಹಗಳಲ್ಲಿದೆ. ಹಳೆಯದು ನಿಲ್ಲುವ ಮೊದಲೇ ಹೊಸದನ್ನು ಅದೇ ನೆಲದ ಮೇಲೆ ತಾಳೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಉಪಗ್ರಹ ಬದಲಾದದ್ದನ್ನೇ ಗಾಳಿ ಸುಧಾರಿಸಿತು ಎಂದು ಓದಿಬಿಡುತ್ತೇವೆ.

ನಮ್ಮದೇ ಇನ್ಸಾಟ್ ಇದೆ. 3ಡಿ 2013ರದ್ದು, 3ಡಿಆರ್ 2016ರದ್ದು, 3ಡಿಎಸ್ 2024ರದ್ದು. 36,000 ಕಿಲೋಮೀಟರ್ ಎತ್ತರದಲ್ಲಿ ನಿಂತು ಅರ್ಧ ಗಂಟೆಗೊಮ್ಮೆ ನಮ್ಮನ್ನೇ ನೋಡುತ್ತದೆ. ದೊಡ್ಡಮ್ಮನ ಬೇಡಿಕೆಗೆ ಹತ್ತಿರ. ಆದರೆ ಅದರ ಇಮೇಜರಿಗೆ ಕಣ್ಣಿಗೆ ಕಾಣುವ ಬೆಳಕಿನ ಚಾನೆಲ್ ಒಂದೇ. ಹಿಂದಿನ ಕೆಲವು ವಾರಗಳಲ್ಲಿ ಅತಿ ಶುಭ್ರವಾಗಿ ಕಂಡ ಚಿತ್ರವನ್ನು ನೆಲ ಎಂದು ಹಿಡಿದು, ಇವತ್ತಿನ ಚಿತ್ರದಿಂದ ಕಳೆಯುತ್ತಾರೆ. ಡಿಸೆಂಬರ್, ಜನವರಿಯ ಮುಂಬೈಯಲ್ಲಿ ಅಂಥ ಶುಭ್ರ ದಿನ ಸಿಗದಿದ್ದರೆ? ಮಬ್ಬನ್ನೇ ನೆಲ ಎಂದು ತಿಳಿದು ಎಒಡಿ ಕಡಿಮೆ ತೋರಿಸುತ್ತದೆ. ಇದನ್ನು ಹಿಡಿಯಲು ದಿನವಿಡೀ ನೋಡುವ ನೆಲದ ಯಂತ್ರವೇ ಬೇಕು, ಅದೂ ಮುಂಬೈಯಲ್ಲೇ.

ಇದಕ್ಕೆ ದುಡ್ಡಿನ ಮಾತೂ ಅಂಟಿಕೊಂಡಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಮುಂಬೈ, ಪುಣೆ ಎರಡೂ ಇವೆ. 2023ರ ಅಕ್ಟೋಬರಿನಲ್ಲಿ ಮುಂಬೈ ಮಹಾನಗರ ಪಾಲಿಕೆ ದೊಡ್ಡ ನಿರ್ಮಾಣಗಳ ಸುತ್ತ 35 ಅಡಿ ತಗಡಿನ ಗೋಡೆ ಕಟ್ಟಬೇಕು ಎಂದಿತು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಕಟ್ಟಿಗೆ, ಕಲ್ಲಿದ್ದಲು ಉರಿಸುವ ಬೇಕರಿಗಳಿಗೆ ಗಡುವು ಕೊಟ್ಟಿತು. ಇವುಗಳಿಂದ ಫಲ ಸಿಕ್ಕಿತೇ ಎಂದು ನಾಳೆ ಯಾರೋ ಉಪಗ್ರಹ ನಕ್ಷೆ ಹಿಡಿದು ವಾದಿಸುತ್ತಾರೆ. ಇನ್ಯಾರೋ ಅದೇ ನಕ್ಷೆ ಹಿಡಿದು ಉಲ್ಟಾ ವಾದಿಸುತ್ತಾರೆ. ತಪ್ಪಿನ ಮಿತಿ ಗೊತ್ತಿಲ್ಲದಿದ್ದರೆ ಇಬ್ಬರನ್ನೂ ಬಾಯಿ ಮುಚ್ಚಿಸಲಾಗುವುದಿಲ್ಲ.

ಆಗಬೇಕಾದದ್ದು ತೀರಾ ದೊಡ್ಡ ಖರ್ಚಿನ ಕೆಲಸವೇನಲ್ಲ. ಗಾಳಿಯ ಗುಣಮಟ್ಟ ಹೇಳುವ ಸಫರ್ ಯೋಜನೆಯಡಿ 2015ರಿಂದ ಮುಂಬೈಯಲ್ಲಿ ಪಿಎಂ ಅಳೆಯುವ ಕೇಂದ್ರಗಳಿವೆ. ಅದನ್ನು ನಡೆಸುತ್ತಿರುವುದೂ ಪುಣೆಯ ಐಐಟಿಎಂ. ಆ ಕೇಂದ್ರಗಳಲ್ಲಿ ಎರಡನ್ನು ಆರಿಸಲಿ: ಒಂದು ಕೊಲಾಬಾದಂಥ ದಡದಲ್ಲಿ, ಇನ್ನೊಂದು ಬೋರಿವಲಿ ಅಥವಾ ಭಾಂಡೂಪಿನಂತೆ ಒಳಗೆ. ಎರಡರಲ್ಲೂ ಪಿಎಂ ಯಂತ್ರದ ಪಕ್ಕ ಒಂದು ಸನ್ ಫೋಟೋಮೀಟರ್, ಜೊತೆಗೆ ಕಣಗಳು ಎಷ್ಟು ಎತ್ತರದವರೆಗೆ ಇವೆ ಎಂದು ಲೇಸರಿನಿಂದ ನೋಡುವ ಸೀಲೋಮೀಟರ್ ಇಡಲಿ. ತೇವ ಅಳೆಯುವ ಸಾಧನವಂತೂ ಹೇಗೂ ಇರುತ್ತದೆ. ಆಕ್ವಾ ಇನ್ನೂ ಮೇಲಿರುವಾಗಲೇ ಒಂದು ಅಕ್ಟೋಬರಿನಿಂದ ಮೇವರೆಗಿನ ಜೋಡಿ ಅಳತೆ ಸಿಕ್ಕಿದರೆ ಹಳೆಯ ದಾಖಲೆಯನ್ನೂ ಅದರ ಮೇಲೆ ತಿದ್ದಿಕೊಳ್ಳಬಹುದು. ಅದು ಇಳಿದ ಮೇಲೆ ಇಟ್ಟರೆ ಹೊಸ ಉಪಗ್ರಹಗಳಿಗಷ್ಟೇ ಪ್ರಯೋಜನ.